ಹಳೆಯ ಕ್ಯಾಮೆರಾ ಮತ್ತು ಬಾವಿಯ ಕಲ್ಲು

ಪೂರ್ತಿ ಕೆಟ್ಟುಹೋದ ವಸ್ತುವಿನ ವಿಷಯದಲ್ಲಿ ಮನೆಯವರಿಗೆ ಗೊಂದಲವಿರುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ವಸ್ತುವಿನ ವಿಷಯದಲ್ಲಿಯೂ ಇರುವುದಿಲ್ಲ. ಇವೆರಡರ ನಡುವೆ, ಇನ್ನೂ ಕೆಲಸ ಕೊಡುತ್ತಿದ್ದರೂ ಮೊದಲಿನ ನಂಬಿಕೆಯನ್ನು ಉಳಿಸಿಕೊಳ್ಳದ ವಸ್ತುವೇ ಸಂಸಾರಸ್ಥರನ್ನು ಯೋಚನೆಗೆ ಹಚ್ಚುತ್ತದೆ. 2025ರ ಬೇಸಿಗೆಯಲ್ಲಿ ನಮ್ಮನ್ನು ಹೀಗೆ ಯೋಚನೆಗೆ ಹಚ್ಚಿದ್ದು ಅಂಗೈಯಲ್ಲಿ ಹಿಡಿಸುವ ಒಂದು ಕ್ಯಾಮೆರಾ. ನೀರಿನಲ್ಲಿ ಮುಳುಗಿಸಿದರೂ, ಎದೆಯ ಎತ್ತರದಿಂದ ಕೆಳಗೆ ಬಿದ್ದರೂ ಹಾಳಾಗದಂತೆ ಗಟ್ಟಿಯಾಗಿ ಕಟ್ಟಿದ ಜಾತಿಯದು. ಅದನ್ನು ಬಿಟ್ಟು ಹೊಸದನ್ನು ಕೊಳ್ಳಬೇಕೆ, ಬೇಡವೆ ಎಂಬ ಚಿಕ್ಕ ಪ್ರಶ್ನೆ ನಮ್ಮನ್ನು ಎಲ್ಲಿಗೆ ಕರೆದೊಯ್ದಿತು ಎಂಬುದನ್ನು ಓದುಗ ಬಂಧುಗಳ ಮುಂದೆ ಇಡಬೇಕೆನಿಸಿದೆ.

'ನಾವು' ಎಂದರೆ ಗಂಡ ಹೆಂಡತಿ ಇಬ್ಬರು. ಒಬ್ಬರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಇನ್ನೊಬ್ಬರು ಮನೆ, ಹೊಲ, ಬಂಧುಬಳಗ ಮೂರನ್ನೂ ತೂಗಿಸಿಕೊಂಡು ಬಂದವರು. ನಮ್ಮ ವಾಸ ಧಾರವಾಡದಲ್ಲಿ. ಹಿರಿಯರ ಮನೆ ರಾಮದುರ್ಗ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಯ ಒಂದು ಹಳ್ಳಿಯಲ್ಲಿ. ಮನೆಯ ಹಿರಿಯರಿಗೆ ಈಗ ತೊಂಬತ್ತೊಂದು ವರ್ಷ. ನಮ್ಮಲ್ಲೊಬ್ಬರಿಗೆ ತಂದೆ, ಇನ್ನೊಬ್ಬರಿಗೆ ಮಾವ. ಮನೆಯ ಮಕ್ಕಳಿಗೂ ಓಣಿಯವರಿಗೂ ಅವರು ಅಜ್ಜ. ಇಲ್ಲಿಯೂ ಹಾಗೆಯೇ ಕರೆಯುತ್ತೇವೆ.

ಕ್ಯಾಮೆರಾ ಮನೆಗೆ ಬಂದದ್ದು 2013ರಲ್ಲಿ. ಮಗನಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕ ವರ್ಷ ಅದು. ಅದಕ್ಕೆ ಹಿಂದಿನ ವರ್ಷ ಕಾರವಾರದ ಕಡಲತೀರದಲ್ಲಿ ನಮ್ಮ ಸಾಧಾರಣ ಕ್ಯಾಮೆರಾದೊಳಗೆ ಮರಳು ಸೇರಿ, ಹೊರಗೆ ಬಂದ ಮಸೂರ ಮತ್ತೆ ಒಳಗೆ ಹೋಗದೆ ನಿಂತಿತ್ತು. ಅದನ್ನು ನೆನಪಿಟ್ಟುಕೊಂಡ ಮಗ ಈ ಗಟ್ಟಿ ಕ್ಯಾಮೆರಾವನ್ನು ತಂದುಕೊಟ್ಟ. ಇದರ ಮಸೂರ ಹೊರಗೆ ಚಾಚುವುದೇ ಇಲ್ಲ. ಎದುರಿನಿಂದ ಬಂದ ಬೆಳಕನ್ನು ಗಾಜಿನ ಪಟ್ಟಕವೊಂದು ಒಳಗೆ ಲಂಬವಾಗಿ ತಿರುಗಿಸುತ್ತದೆ. ಝೂಮ್ ಮಾಡಿದಾಗ ಚಲಿಸುವ ಗಾಜುಗಳೆಲ್ಲ ಪೆಟ್ಟಿಗೆಯ ಒಳಗೆಯೇ ಮೇಲೆ ಕೆಳಗೆ ಸರಿಯುತ್ತವೆ. ಹೊರಗಿನಿಂದ ನೋಡಿದವರಿಗೆ ಅದೊಂದು ಮುಚ್ಚಿದ ಡಬ್ಬಿ.

ನೀರಿನೊಳಗೆ ಚಿತ್ರ ತೆಗೆಯುವ ವಿದ್ಯೆ ಹೊಸದೇನೂ ಅಲ್ಲ. ಸಮುದ್ರಶೋಧಕ ಜಾಕ್ ಕೂಸ್ತೊ ಅವರ ಪ್ರೇರಣೆಯಿಂದ ಬೆಲ್ಜಿಯಂ ದೇಶದ ಎಂಜಿನಿಯರ್ ಜಾನ್ ದ ವೌಟರ್ಸ್ ರೂಪಿಸಿದ ಕ್ಯಾಲಿಪ್ಸೊ ಎಂಬ ಕ್ಯಾಮೆರಾವನ್ನು ಜಪಾನಿನ ನಿಕಾನ್ ಕಂಪನಿ ತನ್ನದಾಗಿಸಿಕೊಂಡು, 1963ರಲ್ಲಿ ನಿಕೋನೋಸ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಅದರ ಕೊನೆಯ ಮಾದರಿ ನಿಂತದ್ದು 2001ರಲ್ಲಿ. ಆದರೆ ಅದು ಮುಳುಗುಗಾರರ ಸಲಕರಣೆ, ಸಂಸಾರಸ್ಥರದಲ್ಲ. 2006ರಲ್ಲಿ ಒಲಿಂಪಸ್ ಕಂಪನಿಯು 3 ಮೀಟರ್ ನೀರನ್ನೂ ಒಂದೂವರೆ ಮೀಟರ್ ಎತ್ತರದ ಬೀಳುವಿಕೆಯನ್ನೂ ತಾಳುವ ಚಿಕ್ಕ ಡಿಜಿಟಲ್ ಕ್ಯಾಮೆರಾವನ್ನು ತಂದ ಮೇಲೆ, ಇಂಥವು ಸಾಮಾನ್ಯ ಕುಟುಂಬಗಳ ಕೈಗೂ ಎಟುಕತೊಡಗಿದವು. ಕೆನಾನ್, ನಿಕಾನ್, ಪ್ಯಾನಾಸಾನಿಕ್, ಪೆಂಟಾಕ್ಸ್, ಫ್ಯೂಜಿ ಎಲ್ಲರೂ ಈ ಬಗೆಯವನ್ನು ಮಾಡಿದರು. ನಮ್ಮದೂ ಆ ಸುಗ್ಗಿಯ ಕಾಲದ್ದೇ.

ಅದು ನಮ್ಮ ಕುಟುಂಬದ ಆಟಿಕೆಯಾಗಿದ್ದುದು 2019ರ ಆಗಸ್ಟ್ ತಿಂಗಳವರೆಗೆ ಮಾತ್ರ. ಆ ತಿಂಗಳ ಮೊದಲ ವಾರದಲ್ಲಿ ಬಿದ್ದ ಮಳೆಯನ್ನು ನಮ್ಮ ಭಾಗದವರು ಯಾರೂ ಮರೆಯುವಂತಿಲ್ಲ. ನವಿಲುತೀರ್ಥದ ಜಲಾಶಯದಿಂದ ಹೊರಬಿಟ್ಟ ನೀರು ಮಲಪ್ರಭೆಯ ಎರಡೂ ದಂಡೆಗಳನ್ನು ಮೀರಿ ಹರಿಯಿತು. ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೇ ನೀರು ನುಗ್ಗಿತ್ತೆಂದ ಮೇಲೆ ನಮ್ಮ ಹಳ್ಳಿಯ ಮಣ್ಣಿನ ಗೋಡೆಗಳ ಪಾಡೇನು! ನೀರು ಇಳಿದ ಮೂರನೆಯ ದಿನ ನಾವು ಊರು ತಲುಪಿದಾಗ ಪಡಸಾಲೆಯಲ್ಲಿ ಮೊಣಕಾಲುದ್ದ ರಾಡಿ. ಹಿಂದಿನ ಗೋಡೆ ಹಿತ್ತಲಿಗೆ ಮಲಗಿತ್ತು. ಇನ್ನೂ ಜಿಟಿಜಿಟಿ ಮಳೆ. ಇಬ್ಬರ ಫೋನುಗಳೂ ಒದ್ದೆಯಾಗಿ ಸುಮ್ಮನಾಗಿದ್ದವು. ಚೀಲದ ತಳದಲ್ಲಿದ್ದ ಈ ಕ್ಯಾಮೆರಾ ಮಾತ್ರ, ರಾಡಿಯಾದಾಗಲೆಲ್ಲ ಬಿಂದಿಗೆಯ ನೀರಿನಲ್ಲಿ ತೊಳೆಸಿಕೊಂಡು, ದಿನವಿಡೀ ದುಡಿಯಿತು. ಪರಿಹಾರದ ಅರ್ಜಿಗೆ ಬಿದ್ದ ಮನೆಯ ಫೋಟೋ ಬೇಕೆಂದು ತಿಳಿದಾಗ ಓಣಿಯವರೆಲ್ಲ ಬಂದು ಕರೆದರು. ಎರಡು ದಿನಗಳಲ್ಲಿ ಹದಿನೇಳು ಮನೆಗಳ ಚಿತ್ರ ತೆಗೆದೆವು.

ಅದರಲ್ಲಿಯೂ ಒಂದು ತಪ್ಪು ನಡೆಯಿತು. ಬಹಳ ದಿನ ಬ್ಯಾಟರಿ ತೆಗೆದಿಟ್ಟಿದ್ದರಿಂದ ಕ್ಯಾಮೆರಾದ ಒಳಗಿನ ಗಡಿಯಾರ ತನ್ನ ಮೊದಲ ದಿನಾಂಕಕ್ಕೆ ಹಿಂದಿರುಗಿತ್ತು, ನಾವು ನೋಡಿರಲಿಲ್ಲ. ಮೊದಲ ದಿನದ ಚಿತ್ರಗಳ ಮೂಲೆಯಲ್ಲಿ 2013 ಎಂದು ಅಚ್ಚಾಗಿತ್ತು. ಕಚೇರಿಯಲ್ಲಿ ಅವನ್ನು ಒಪ್ಪಲಿಲ್ಲ. ಒಪ್ಪದಿದ್ದುದು ತಪ್ಪೂ ಅಲ್ಲ. ಮತ್ತೆ ಊರಿಗೆ ಹೋಗಿ ಆ ಒಂಬತ್ತು ಮನೆಗಳ ಚಿತ್ರಗಳನ್ನು ಹೊಸದಾಗಿ ತೆಗೆದುಕೊಟ್ಟೆವು. ಯಂತ್ರದ ಕಣ್ಣು ಗಟ್ಟಿಯಿದ್ದರೆ ಸಾಲದು, ಅದರ ಗಡಿಯಾರವನ್ನೂ ನೋಡಿಕೊಳ್ಳಬೇಕೆಂದು ಅಂದು ಕಲಿತೆವು.

ಎರಡನೆಯ ಪಾಠವನ್ನು 2023ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲು ಕಲಿಸಿತು. ಮೊಮ್ಮಗಳು ಅಲೆಯ ಕೆಳಗಿನ ಮರಳನ್ನು ಚಿತ್ರಿಸಬೇಕೆಂದು ಕ್ಯಾಮೆರಾವನ್ನು ನೀರಿನಲ್ಲಿ ಹಿಡಿದಿದ್ದಳು. ಮೇಲೆತ್ತಿದಾಗ ಗಾಜಿನ ಒಳಗೆ ಹನಿಗಳು! ಬ್ಯಾಟರಿಯ ಬಾಗಿಲು ತೆರೆದು ನೋಡಿದರೆ ಟವೆಲಿನ ಒಂದು ನೂಲಿನೆಳೆ ರಬ್ಬರಿನ ಮೇಲೆ ಅಡ್ಡ ಬಿದ್ದಿತ್ತು. ಅಷ್ಟೇ. ಬಾಗಿಲು ಹಾಕುವ ಮುಂಚೆ ಒರೆಸಿ ನೋಡಬೇಕಾದವರು ನಾವು; ನೋಡಿರಲಿಲ್ಲ. ಕೂಡಲೇ ಆರಿಸಿ, ಬ್ಯಾಟರಿ ಮತ್ತು ಕಾರ್ಡನ್ನು ತೆಗೆದು, ಔಷಧದ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪುಟ್ಟ ಚೀಲಗಳೊಡನೆ ಒಂದು ಡಬ್ಬಿಯಲ್ಲಿ ಹತ್ತು ದಿನ ಮುಚ್ಚಿಟ್ಟೆವು. ಜೀವ ಬಂತು. ಆದರೆ ಆ ಮೇಲೆ ಚಳಿಯ ಮುಂಜಾವಿನಲ್ಲಿ ಗಾಜಿನ ಒಳಬದಿಗೆ ಮಸುಕು ಕವಿಯುವುದುಂಟು. ಬ್ಯಾಟರಿಯೂ ಮುಪ್ಪಾಗಿ, ಮೊದಲಿನ ಅರ್ಧದಷ್ಟು ಹೊತ್ತೂ ನಿಲ್ಲುವುದಿಲ್ಲ.

ಇಂಥ ಕ್ಯಾಮೆರಾಗಳ ಒಳಗುಟ್ಟನ್ನು ಗೃಹಿಣಿಯರಿಗೆ ಬೇರೆ ಹೇಳಬೇಕಾಗಿಲ್ಲ. ಕುಕ್ಕರಿನ ಗ್ಯಾಸ್ಕೆಟ್ ಏನು ಮಾಡುತ್ತದೆಯೋ, ಕ್ಯಾಮೆರಾದ ಬಾಗಿಲಿನ ರಬ್ಬರ್ ಅದನ್ನೇ ಮಾಡುತ್ತದೆ. ಅಲ್ಲಿ ಒಳಗಿನ ಆವಿ ಹೊರಗೆ ಹೋಗಬಾರದು. ಇಲ್ಲಿ ಹೊರಗಿನ ನೀರು ಒಳಗೆ ಬರಬಾರದು. ರಬ್ಬರ್ ಹಳೆಯದಾದಂತೆ ಗಡುಸಾಗುತ್ತದೆ, ಅಂಚು ಸವೆಯುತ್ತದೆ. ಆದ್ದರಿಂದಲೇ ವರ್ಷಕ್ಕೊಮ್ಮೆ ರಬ್ಬರ್ ಬದಲಾಯಿಸಿರೆಂಬ ಸೂಚನೆ ಇಂಥ ಕ್ಯಾಮೆರಾಗಳ ಕೈಪಿಡಿಯಲ್ಲಿ ಇರುತ್ತದೆ. ಸಮುದ್ರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ನೆನೆಯಿಟ್ಟು ಉಪ್ಪನ್ನು ಬಿಡಿಸಬೇಕೆಂದೂ ಇರುತ್ತದೆ. ಕುಕ್ಕರಿನ ಗ್ಯಾಸ್ಕೆಟ್ಟನ್ನು ತಪ್ಪದೆ ಬದಲಿಸುವ ನಾವು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಇದನ್ನು ಬದಲಿಸಿರಲಿಲ್ಲ. ಹುಬ್ಬಳ್ಳಿಯ ರಿಪೇರಿಯವರನ್ನು ಕೇಳಿದಾಗ, ಆ ಮಾದರಿಯ ಬಿಡಿಭಾಗಗಳು ಬರುವುದು ನಿಂತಿದೆಯೆಂಬ ಉತ್ತರ ಬಂತು.

ಇಷ್ಟೇ ಆಗಿದ್ದರೆ ಕ್ಯಾಮೆರಾವನ್ನು ಕಪಾಟಿನಲ್ಲಿಟ್ಟು ಸುಮ್ಮನಿರುತ್ತಿದ್ದೆವು. ಸುಮ್ಮನಿರಲು ಬಿಡದಿದ್ದುದು ಹಿತ್ತಲಿನ ಬಾವಿ.

ಆ ಬಾವಿಯನ್ನು ತೋಡಿಸಿದವರು ಅಜ್ಜನ ಮುತ್ತಜ್ಜಿ. 1876ರಿಂದ 1878ರವರೆಗೆ ಧಾರವಾಡ, ಬೆಳಗಾವಿ, ಕಲಾದಗಿ ಸೀಮೆಗಳನ್ನು ಸುಟ್ಟ ಮಹಾ ಬರಗಾಲದಲ್ಲಿ ಆ ತಾಯಿ ಮೈಮೇಲಿನ ಬಂಗಾರವನ್ನು ಮಾರಿ, ಕೂಲಿಯಿಲ್ಲದೆ ಕುಳಿತ ಜನರಿಗೆ ಕಾಳು ಅಳೆದುಕೊಟ್ಟು, ಈ ಬಾವಿಯನ್ನು ತೋಡಿಸಿದರೆಂಬುದು ನಮ್ಮ ಮನೆತನದಲ್ಲಿ ನಡೆದುಬಂದ ಮಾತು. ಕಟ್ಟಿದವರು ಮೂಡಣ ಗೋಡೆಯ ಒಂದು ಕಲ್ಲಿನಲ್ಲಿ ಅವರ ಹೆಸರು ಕೆತ್ತಿದ್ದಾರೆ. ನಮ್ಮ ವಂಶಾವಳಿಯ ಕಾಗದದಲ್ಲಿ ಗಂಡಸರ ಹೆಸರುಗಳು ಏಳು ತಲೆಮಾರಿನವರೆಗೆ ಇವೆ. ಆ ತಾಯಿಯ ಹೆಸರು ಆ ಕಲ್ಲಿನಲ್ಲಿ ಮಾತ್ರ. ನದಿಯ ಸಮೀಪದ ಬಾವಿಯಾದ್ದರಿಂದ ಕಲ್ಲು ಸದಾ ನೀರಿನ ಕೆಳಗೇ ಇರುತ್ತದೆ. 1972ರ ಬರದಲ್ಲಿ ಒಮ್ಮೆ ನೀರು ತಳ ಕಂಡಾಗ ಅಜ್ಜ ಒಳಗಿಳಿದು ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಬಂದಿದ್ದರು. ಅನಂತರ ನೋಡಿದವರಿಲ್ಲ.

2019ರ ನೆರೆಯಲ್ಲಿ ಬಾವಿಯ ಒಳಗೋಡೆಯ ಕಲ್ಲುಗಳು ಸಡಿಲವಾದವು. ಒಂದೆರಡು ಕಡೆ ಹೊಟ್ಟೆ ಬಿಟ್ಟಂತೆ ಮುಂದೆ ಬಂದವು. ಮಕ್ಕಳು ಆಡುವ ಜಾಗ. ಎಂದಾದರೂ ಅನಾಹುತವಾದೀತೆಂದು 2025ರ ಮಳೆಗಾಲಕ್ಕೆ ಮುಂಚೆ ಮಣ್ಣು ತುಂಬಿಸಿ ಮುಚ್ಚಿಬಿಡುವುದೆಂದು ಅಣ್ಣತಮ್ಮಂದಿರು ಕೂಡಿ ತೀರ್ಮಾನಿಸಿದರು. ಅಜ್ಜ ಬೇಡವೆನ್ನಲಿಲ್ಲ. ಬೆಳಗಿನ ಪೂಜೆ ಮುಗಿಸಿ ಕಟ್ಟೆಯ ಮೇಲೆ ಕುಳಿತವರು, "ಮುಚ್ರೆಪಾ, ನಾ ಬ್ಯಾಡ ಅನ್ನಂಗಿಲ್ಲ. ಆದರ ಆಕಿ ಹೆಸರು ಇನ್ನೊಮ್ಮೆ ನೋಡಬೇಕಿತ್ತು" ಎಂದರು, ಅಷ್ಟೇ.

ಪಂಪು ಹಚ್ಚಿ ನೀರನ್ನು ಹೊರಗೆ ಹಾಕಬಾರದೇ ಎಂದು ಓದುಗರು ಕೇಳಬಹುದು. ನಾವೂ ಮೊದಲು ಅದನ್ನೇ ಯೋಚಿಸಿದೆವು. ಆದರೆ ಸಡಿಲಾದ ಗೋಡೆಯನ್ನು ಒಳಗಿನ ನೀರೇ ಒತ್ತಿ ಹಿಡಿದಿರುತ್ತದೆ. ಅದನ್ನು ಏಕಾಏಕಿ ತೆಗೆದರೆ ಹೊರಗಿನ ಹಸಿ ಮಣ್ಣಿನ ಭಾರಕ್ಕೆ ಗೋಡೆ ಒಳಗೆ ಕುಸಿಯುತ್ತದೆ. ಮನುಷ್ಯರನ್ನು ಇಳಿಸುವ ಮಾತಂತೂ ಬೇಡ. ಹಳೆಯ ಬಾವಿಗಳಲ್ಲಿ ಕೆಟ್ಟ ಗಾಳಿಗೆ ಸಿಕ್ಕಿ ಪ್ರಾಣ ಬಿಟ್ಟವರ ಸುದ್ದಿಯನ್ನು ಎಷ್ಟೋ ಸಲ ಕೇಳಿದ್ದೇವೆ. ಉಳಿದದ್ದು ಒಂದೇ ದಾರಿ: ನೀರಿನೊಳಗೆ ಕ್ಯಾಮೆರಾ ಇಳಿಸುವುದು.

ವಿಷಯ ತಿಳಿದ ಮಗ ಫೋನು ಮಾಡಿ, "ಅಪ್ಪಾ, ಆ ಹಳೇದನ್ನ ನಂಬಬ್ಯಾಡ್ರಿ. ಒಮ್ಮೆ ನೀರು ಕುಡದೈತಿ. ಹೊಸಾದು ನಾ ಕಳಸ್ತೀನಿ" ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಅವನು ಹೇಳಿದ ಮಾದರಿಗಳ ವಿವರಗಳನ್ನು ತರಿಸಿಕೊಂಡು, ಎರಡು ಸಂಜೆ ಕುಳಿತು ಓದಿದೆವು.

ಓದಿದಂತೆ ಆಶ್ಚರ್ಯವಾಯಿತು. ಒಲಿಂಪಸ್ಸಿನ ಕ್ಯಾಮೆರಾ ವಿಭಾಗವು 2021ರ ಜನವರಿಯಿಂದ ಬೇರೆ ಕಂಪನಿಯಾಗಿ, ಈಗ ಓಎಂ ಸಿಸ್ಟಮ್ ಎಂಬ ಹೆಸರಿನಲ್ಲಿ ವ್ಯವಹರಿಸುತ್ತದೆ. ಅವರ ಟಿಜಿ-7 ಬಂದದ್ದು 2023ರಲ್ಲಿ. ಅದೇ ಸಾಲಿನ ಮೊದಲನೆಯದಾದ ಟಿಜಿ-1 ಬಂದದ್ದು 2012ರಲ್ಲಿ. ಹನ್ನೊಂದು ವರ್ಷದ ಅಂತರವಿದ್ದರೂ ಎರಡರಲ್ಲಿಯೂ 12 ಮೆಗಾಪಿಕ್ಸೆಲ್, 4 ಪಟ್ಟಿನ ಝೂಮ್, ಅದೇ ಅಳತೆಯ ಮಸೂರ, ಉಗುರಿನಷ್ಟು ಚಿಕ್ಕದಾದ ಅದೇ ಗಾತ್ರದ ಸಂವೇದಕ. ನೀರಿನ ಆಳ 12 ಮೀಟರಿನಿಂದ 15 ಮೀಟರಿಗೆ ಏರಿದೆ. ಹೊಸದರಲ್ಲಿ ಚಲನಚಿತ್ರ ಹೆಚ್ಚು ಸ್ಪಷ್ಟ. ಮಸೂರದ ಮುಂದಿನ ಗಾಜು ಇಬ್ಬದಿಯಾಗಿ ಮಸುಕು ಕವಿಯುವುದು ಕಡಿಮೆ. ಸಂಸ್ಕರಿಸದ ಕಚ್ಚಾ ಚಿತ್ರವನ್ನೂ ಉಳಿಸಿಡಬಹುದು. ಬಿಡುಗಡೆಯಾದಾಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 550 ಡಾಲರ್, ನಮ್ಮ ಲೆಕ್ಕದಲ್ಲಿ ನಲವತ್ತೈದು ಸಾವಿರ ರೂಪಾಯಿಗಳು. ಪೆಂಟಾಕ್ಸ್ ಹೆಸರಿನ ಡಬ್ಲ್ಯುಜಿ-90 ಕೂಡ 2023ರದ್ದು. 14 ಮೀಟರಿನವರೆಗೆ ಇಳಿಯಬಲ್ಲದು. ಮಾರುಕಟ್ಟೆಯಲ್ಲಿ ಒಂದು ಕಾಲಕ್ಕಿದ್ದ ಪೈಪೋಟಿ ಈಗಿಲ್ಲ. ಫೋನುಗಳೇ ನೀರು ತಾಳುವಂತಾದ ಮೇಲೆ ಹೆಚ್ಚಿನ ಕಂಪನಿಗಳು ಈ ಬಗೆಯನ್ನು ಕೈಬಿಟ್ಟಿವೆ.

ಹಾಗಾದರೆ ಫೋನನ್ನೇ ಇಳಿಸಬಹುದಲ್ಲ? ಅದನ್ನೂ ವಿಚಾರಿಸಿದೆವು. ಫೋನಿನ ನೀರು ತಾಳುವ ಶಕ್ತಿಯನ್ನು ಅಳೆಯುವುದು ಅಲುಗಾಡದ ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ. ನೀರಿನಿಂದಾದ ಹಾನಿಗೆ ಬಹುಮಟ್ಟಿಗೆ ವಾರಂಟಿ ಇರುವುದಿಲ್ಲ. ಸ್ಪರ್ಶದ ಪರದೆಯು ನೀರಿನಲ್ಲಿ ಬೆರಳಿಗೂ ಹನಿಗೂ ವ್ಯತ್ಯಾಸ ತಿಳಿಯದೆ ತಬ್ಬಿಬ್ಬಾಗುತ್ತದೆ. ಬ್ಯಾಂಕಿನ ಲೆಕ್ಕ, ಬಂಧುಗಳ ನಂಬರು, ಅಜ್ಜನ ಔಷಧದ ಚೀಟಿ ಎಲ್ಲ ಇರುವ ವಸ್ತುವನ್ನು ಬಿದಿರಿನ ತುದಿಗೆ ಕಟ್ಟಲು ಮನಸ್ಸು ಬರಲಿಲ್ಲ.

ನಮ್ಮಿಬ್ಬರಲ್ಲಿಯೂ ಒಮ್ಮತವಿರಲಿಲ್ಲ. "ಅಜ್ಜಾರ ವಯಸ್ಸು ನೋಡ್ರಿ. ಇದು ಕೈ ಕೊಟ್ರ ಇನ್ನೊಂದು ಬ್ಯಾಸಿಗಿ ಕಾಯಾಕ ಬರ್ತೈತೇನು? ಮಗಾ ಕೊಡ್ತೀನಂದಾಗ ತೊಗೊಳ್ಳೂದ ಶಾಣ್ಯಾತನ" ಎಂಬುದು ಒಬ್ಬರ ವಾದ. "ಕುಸಿಯುವ ಬಾವಿಗೆ ಹೊಸಾ ಕ್ಯಾಮೆರಾ ಇಳಿಸಿದ್ರ ಜೀವ ಅದರ ಮ್ಯಾಲ ಇರ್ತೈತಿ, ಕಲ್ಲಿನ ಮ್ಯಾಲ ಇರಂಗಿಲ್ಲ. ಹಳೇದು ಹೋದ್ರ ಹೋಗ್ಲಿ" ಎಂಬುದು ಇನ್ನೊಬ್ಬರದು. ಯಾರದು ಯಾವ ಮಾತೆಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ವಾದದ ನಡುವೆ ಒಂದೆರಡು ಸಲ ಅದಲುಬದಲಾದದ್ದೂ ಉಂಟು.

ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದೆವು. ಹೊಸದು ಹಳೆಯದಕ್ಕಿಂತ ಉತ್ತಮವೇ ಎಂದು ಕೇಳಿದರೆ ಉತ್ತರ ಯಾವಾಗಲೂ ಹೌದು ಎಂದೇ ಬರುತ್ತದೆ. ಎದುರಿಗಿರುವ ಕೆಲಸಕ್ಕೆ ಹಳೆಯದು ಸಾಕೇ ಎಂದು ಕೇಳಬೇಕು. ಊಹೆಯಿಂದಲ್ಲ, ಪರೀಕ್ಷೆಯಿಂದ ತಿಳಿಯಬೇಕು. ಸಾಲದೆಂದು ತಿಳಿದರೆ ಆ ದಿನವೇ ಮಗನಿಗೆ ಫೋನು ಮಾಡುವುದೆಂದು ನಿಶ್ಚಯಿಸಿದೆವು.

ಅಜ್ಜನ ನೆನಪಿನ ಪ್ರಕಾರ ಕಲ್ಲು ಬಾವಿಯ ಕಟ್ಟೆಯಿಂದ ಹದಿನೈದು ಮೊಳ ಕೆಳಗಿದೆ. ಏಪ್ರಿಲಿನಲ್ಲಿ ಹಗ್ಗಕ್ಕೆ ಗಂಟು ಹಾಕಿ ಅಳೆದಾಗ ನೀರು ಹನ್ನೆರಡು ಮೊಳದ ಮೇಲಿತ್ತು. ಅಂದರೆ ಕಲ್ಲಿನ ಮೇಲೆ ಇದ್ದದ್ದು ಮೂರು ಮೊಳ, ಒಂದೂವರೆ ಮೀಟರಿಗೂ ಕಡಿಮೆ ನೀರು. ಹತ್ತು ಮೀಟರ್ ಇಳಿದರೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತದೆಂದು ಮಕ್ಕಳಿಗೆ ಕಲಿಸಿದ್ದೆವಲ್ಲ. ಆ ಲೆಕ್ಕದಲ್ಲಿ ಇಲ್ಲಿನ ಒತ್ತಡ ಅದರ ಏಳನೆಯ ಒಂದು ಭಾಗದಷ್ಟೂ ಇಲ್ಲ. ರಬ್ಬರನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಭೂತಕನ್ನಡಿ ಹಿಡಿದು ಸುತ್ತಲೂ ನೋಡಿ, ಬ್ಯಾಟರಿ ಕಾರ್ಡುಗಳನ್ನು ಹೊರಗಿಟ್ಟು, ಅವುಗಳ ಜಾಗದಲ್ಲಿ ತೆಳುವಾದ ಕಾಗದವನ್ನು ಮಡಿಸಿಟ್ಟು ಬಾಗಿಲು ಹಾಕಿದೆವು. ಮೊದಲು ಬಕೀಟಿನಲ್ಲಿ ಅರ್ಧ ಗಂಟೆ ಮುಳುಗಿಸಿದೆವು. ಕಾಗದ ಒಣಗಿಯೇ ಇತ್ತು. ಆಮೇಲೆ ಧಾರವಾಡದ ಮನೆಯ ನೆಲದ ತೊಟ್ಟಿಯಲ್ಲಿ, ಹಗ್ಗಕ್ಕೆ ಕಟ್ಟಿ, ಐದು ಅಡಿ ಆಳದಲ್ಲಿ ಒಂದು ಗಂಟೆ ಬಿಟ್ಟೆವು. ಆಗಲೂ ಕಾಗದ ಒಣಗಿತ್ತು. ಮಗನಿಗೆ ತಿಳಿಸಿದೆವು. "ಆತ್ರಿ. ಆದ್ರ ಹಗ್ಗಾ ಎರಡು ಕಟ್ರಿ" ಎಂದ.

ಊರಿನ ಬಡಿಗರು ಎರಡು ಬಿದಿರಿನ ಗಳಗಳನ್ನು ಜೋಡಿಸಿ, ತುದಿಗೆ ಕ್ಯಾಮೆರಾ ಕೂರುವ ಮರದ ಹಲಗೆಯನ್ನು ಹೊಂದಿಸಿಕೊಟ್ಟರು. ನೀರಿನಲ್ಲಿ ವಸ್ತುಗಳು ಇದ್ದುದಕ್ಕಿಂತ ಕಾಲು ಭಾಗ ಹತ್ತಿರ ಕಾಣುತ್ತವೆ. ಕದಡಿದ ನೀರಿನಲ್ಲಿ ದೂರವಿದ್ದಷ್ಟೂ ಮಬ್ಬು. ಆದ್ದರಿಂದ ಕ್ಯಾಮೆರಾ ಗೋಡೆಯಿಂದ ಒಂದೂವರೆ ಗೇಣಿನಷ್ಟೇ ದೂರ ನಿಲ್ಲುವಂತೆ ಮುಂದೆ ಒಂದು ಕಡ್ಡಿಯನ್ನು ಕಟ್ಟಿದೆವು. ಹತ್ತು ಸೆಕೆಂಡಿಗೊಂದರಂತೆ ತಾನೇ ಚಿತ್ರ ತೆಗೆದುಕೊಳ್ಳುವ ಅನುಕೂಲ ನಮ್ಮ ಹಳೆಯದರಲ್ಲಿಯೇ ಇತ್ತು. ಅಲ್ಲಿಯವರೆಗೆ ಅದನ್ನು ಬಳಸಿರಲಿಲ್ಲ.

ದಿನವನ್ನೂ ಲೆಕ್ಕ ಹಾಕಿಯೇ ಆರಿಸಿದೆವು. ನಮ್ಮ ಭಾಗ ಸುಮಾರು 16ನೆಯ ಅಕ್ಷಾಂಶದ ಮೇಲಿದೆ. ಮೇ ತಿಂಗಳ ಮೊದಲ ವಾರದಲ್ಲಿ ಇಲ್ಲಿ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಈಜಿಪ್ಟಿನ ಸೈಯೀನ್ ಪಟ್ಟಣದ ಬಾವಿಯ ತಳಕ್ಕೆ ಹೀಗೆ ನೇರ ಬಿಸಿಲು ಬೀಳುವ ಸಂಗತಿಯಿಂದಲೇ ಎರಟೋಸ್ತನೀಸ್ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದನೆಂಬುದು ಪ್ರಸಿದ್ಧ. ನಮಗೆ ಭೂಮಿಯ ಸುತ್ತಳತೆ ಬೇಕಾಗಿರಲಿಲ್ಲ. ಒಂದು ಹೆಸರು ಸಾಕಾಗಿತ್ತು.

ಮೊದಲ ದಿನ ಉದ್ದ ಗಳಕ್ಕೆ ತೆಂಗಿನ ನಾರಿನ ಬ್ರಷ್ ಕಟ್ಟಿ, ಅಜ್ಜ ತೋರಿಸಿದ ಕಡೆ ಪಾಚಿಯನ್ನು ಮೆಲ್ಲಗೆ ಉಜ್ಜಿದೆವು. ಅವಸರದಿಂದ ಅಂದೇ ಕ್ಯಾಮೆರಾವನ್ನೂ ಇಳಿಸಿದೆವು. ಫ್ಲ್ಯಾಶ್ ಆರಿಸುವುದನ್ನು ಮರೆತಿದ್ದೆವು. ನೀರಿನಲ್ಲಿ ತೇಲುತ್ತಿದ್ದ ಕಣಗಳಿಗೆಲ್ಲ ಆ ಬೆಳಕು ತಗುಲಿ, ಚಿತ್ರಗಳ ತುಂಬ ಬಿಳಿಯ ಚುಕ್ಕೆಗಳು. ಹತ್ತಿ ಅರಳೆ ಹಾರಿದಂತೆ. ಒಂದರಲ್ಲಿಯೂ ಅಕ್ಷರವಿಲ್ಲ. ಅಜ್ಜ ಏನೂ ಅನ್ನಲಿಲ್ಲ. ಆ ರಾತ್ರಿ ನಮ್ಮಿಬ್ಬರಿಗೂ ಹೊಸ ಕ್ಯಾಮೆರಾದ ನೆನಪು ಬಾರದೆ ಇರಲಿಲ್ಲ.

ಎರಡು ದಿನ ನೀರನ್ನು ಮುಟ್ಟದೆ ಬಿಟ್ಟೆವು. ಹೂಳು ತಳ ಸೇರಿತು. ಮೂರನೆಯ ದಿನ ಫ್ಲ್ಯಾಶ್ ಆರಿಸಿ, ನೀರಿಗೆ ಜಗ್ಗದ ಟಾರ್ಚೊಂದನ್ನು ಕ್ಯಾಮೆರಾದಿಂದ ಒಂದು ಮೊಳ ಪಕ್ಕಕ್ಕೆ ಓರೆಯಾಗಿ ಕಟ್ಟಿದೆವು. ಬೆಳಕು ಓರೆಯಾಗಿ ಬಿದ್ದರೆ ಕೆತ್ತನೆಯ ತಗ್ಗಿಗೆ ನೆರಳು ಸಿಕ್ಕು ಅಕ್ಷರ ಎದ್ದು ಕಾಣುತ್ತದೆ. ಹನ್ನೆರಡೂವರೆಯ ಬಿಸಿಲಿನಲ್ಲಿ, ಎರಡು ಹಗ್ಗ ಕಟ್ಟಿದ ಗಳವನ್ನು ಅಂಗುಲ ಅಂಗುಲವಾಗಿ ಇಳಿಸಿದೆವು. ಅರ್ಧ ಗಂಟೆ ಕಳೆದು ಮೇಲೆತ್ತಿದಾಗ ಕಾರ್ಡಿನಲ್ಲಿ 180ಕ್ಕೂ ಹೆಚ್ಚು ಚಿತ್ರಗಳಿದ್ದವು. ಹೆಚ್ಚಿನವು ಬರಿಯ ಹಸಿರು. ಮೂರರಲ್ಲಿ ಮಾತ್ರ ಕಲ್ಲಿತ್ತು.

ಸಂಜೆ ಮೊಮ್ಮಗಳು ಆ ಮೂರನ್ನೂ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ಅಜ್ಜನ ಮುಂದಿಟ್ಟಳು. ಅಜ್ಜ ಕನ್ನಡಕವನ್ನು ಎರಡು ಸಲ ಒರೆಸಿಕೊಂಡರು. ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರದ ಮೇಲೆ ಎಳೆದು, ಆ ತಾಯಿಯ ಹೆಸರನ್ನು ಗಟ್ಟಿಯಾಗಿ ಓದಿದರು. ಆ ಹೆಸರನ್ನು ಮುದ್ರಣಕ್ಕೆ ಕೊಡುವುದು ಬೇಡವೆಂಬುದು ಅಜ್ಜನ ಇಚ್ಛೆ. ಆದ್ದರಿಂದ ಇಲ್ಲಿ ಬರೆದಿಲ್ಲ. ಹೆಸರಿನ ಕೆಳಗೆ ಇನ್ನೊಂದು ಚಿಕ್ಕ ಸಾಲಿತ್ತು. 1972ರಲ್ಲಿ ಕತ್ತಲೆಯಲ್ಲಿ ಬೆರಳಾಡಿಸಿದ್ದ ಅಜ್ಜನಿಗೂ ಅದು ತಿಳಿದಿರಲಿಲ್ಲ. 'ಈಶ್ವರ ಸಂ' ಎಂದಿತ್ತು. ದೇವರ ಹೆಸರೇ ಇರಬೇಕೆಂದು ನಾವೆಂದುಕೊಂಡೆವು. ಅಜ್ಜ ತಲೆಯಲ್ಲಾಡಿಸಿ, "ಅಲ್ಲೋ ತಮ್ಮಾ, ಸಂವತ್ಸರ ನೋಡು" ಎಂದರು. ಬೆರಳೆಣಿಸಿ ಅರವತ್ತು ಸಂವತ್ಸರಗಳ ಲೆಕ್ಕ ಹಾಕಿದೆವು. ಪ್ರಭವದಿಂದ ಹನ್ನೊಂದನೆಯದು ಈಶ್ವರ. ಅದು 1877ರ ಯುಗಾದಿಯಿಂದ 1878ರ ಯುಗಾದಿಯವರೆಗಿನ ವರ್ಷ, ಬರಗಾಲದ ನಟ್ಟನಡುವಿನದು. ನಾಲ್ಕು ತಲೆಮಾರು ಬಾಯಿಂದ ಬಾಯಿಗೆ ಬಂದ ಮಾತಿಗೆ ಕಲ್ಲು ಸಾಕ್ಷಿ ಹೇಳಿತ್ತು.

ಮರುದಿನ ಅಣ್ಣತಮ್ಮಂದಿರು ಮತ್ತೆ ಕೂಡಿದರು. ಬಾವಿ ಮುಚ್ಚುವ ಮಾತನ್ನು ಯಾರೂ ಎತ್ತಲಿಲ್ಲ. ಮೇಲಿನ ಸಡಿಲ ಕಲ್ಲುಗಳನ್ನು ಬಿಗಿಮಾಡಿಸಿ, ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿಸುವುದೆಂದು ಆಯಿತು. ಕ್ಯಾಮೆರಾಕ್ಕೆಂದು ಮಗ ತೆಗೆದಿಟ್ಟಿದ್ದ ಹಣ ಆ ಕೆಲಸಕ್ಕೆ ಹೋಯಿತು. ಉಳಿದದ್ದನ್ನು ಪಾಲು ಪ್ರಕಾರ ಎಲ್ಲರೂ ಹಾಕಿದರು. ವಂಶಾವಳಿಯ ಕಾಗದದಲ್ಲಿ ಆ ತಾಯಿಯ ಹೆಸರನ್ನು ಮೊಮ್ಮಗಳ ಕೈಯಿಂದ ಬರೆಯಿಸಿದೆವು.

ಇನ್ನು ಕ್ಯಾಮೆರಾದ ಮಾತು. ಅಂದು ಸಂಜೆ ಅದನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಬಾಗಿಲು ತೆರೆದಾಗ ರಬ್ಬರಿನ ಒಳಬದಿಯಲ್ಲಿ ಒಂದು ಹನಿ ನೀರು ನಿಂತಿತ್ತು. ತೊಟ್ಟಿಯ ಪರೀಕ್ಷೆಯಲ್ಲಿ ಗೆದ್ದದ್ದು ಬಾವಿಯಲ್ಲಿ ಒಂದು ಹನಿಗೆ ಸೋತಿತ್ತು. ಬಹುಶಃ ಗಳ ಗೋಡೆಗೆ ತಾಗಿದಾಗಿನ ಅಲುಗಾಟವಿರಬಹುದು. ಇನ್ನೂ ಅರ್ಧ ಗಂಟೆ ಬಿಟ್ಟಿದ್ದರೆ ಏನಾಗುತ್ತಿತ್ತೋ! ಮಗನ ಎಚ್ಚರಿಕೆ ಸುಳ್ಳಾಗಿರಲಿಲ್ಲವೆಂದು ಅವನಿಗೂ ಫೋನಿನಲ್ಲಿ ಒಪ್ಪಿಕೊಂಡೆವು.

ಹೊಸದನ್ನು ಕೊಂಡಿಲ್ಲ. ನೀರಿನಲ್ಲಿ ಮುಳುಗಿಸುವ ಕೆಲಸ ಮತ್ತೆ ಬಂದರೆ ಆಗ ಕೊಳ್ಳುವೆವು. ಆಗ ಹಿಂದೆ ಮುಂದೆ ನೋಡುವುದಿಲ್ಲ. ಹಳೆಯದನ್ನು ಮಳೆಗೂ, ಹೊಲಕ್ಕೂ, ಮೊಮ್ಮಗಳ ಕೈಗೂ ಇಟ್ಟುಕೊಂಡಿದ್ದೇವೆ. ಅದರ ಗಡಿಯಾರವನ್ನು ಪ್ರತಿ ತಿಂಗಳೂ ನೋಡುತ್ತೇವೆ. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: "ಮಳೆಗೆ ಸರಿ. ಮುಳುಗಿಸಬಾರದು."